ಹದಿನೇಳು ಉಳ್ಳಾಗಡ್ಡಿ, ಒಂದು ಬದನೆಕಾಯಿ

ಚೀನಾದ ಕಥೆ ಅಂದೆ. ನಕಾಶೆಯಾಗ ತೋರಸ್ರಿ ಅಂದರು.
ಅಕ್ಕಲಕೋಟದಿಂದ ಬಂದ ನಕಾಶೆ ಮರಾಠಿಯದು,
ಅದೂ ಸೊಲ್ಲಾಪುರ ಜಿಲ್ಲೆಯದಷ್ಟೇ.
ಈಶಾನ್ಯ ಮೂಲೆಗೆ, ಗಡಿಯಾರದ ಆಚೆ,
ಸುಣ್ಣ ಉದುರಿದಲ್ಲಿ ಬೆರಳಿಟ್ಟು ಇಲ್ಲೇ ಅಂದೆ.
ನಾಲ್ಕನೆಯ ತರಗತಿ ಒಪ್ಪಿತು.

ಒಬ್ಬ ಅರಸನಿಗೆ ಯಾರೋ ಆನೆ ಕಳಿಸಿದರು.
ಇದರ ತೂಕವೆಷ್ಟು, ಅರಸ ಕೇಳಿದ.
ಮಂತ್ರಿಗಳು ಗಡ್ಡ ನೀವಿಕೊಂಡರು. ಅಷ್ಟು ದೊಡ್ಡ ತಕ್ಕಡಿ
ಆ ರಾಜ್ಯದಲ್ಲೇ ಇರಲಿಲ್ಲ.
ನೀವಾಗಿದ್ದರೆ?

ನಾನು ಉಸಿರೆಳೆಯುವ ಮೊದಲೇ ತೌಫಿಕ್:
'ಕಾಟಾಕ್ಕ ಒಯ್ಯೋದ್ರಿ. ಕಬ್ಬಿನ ಲಾರಿ ಮ್ಯಾಲ ನಿಂದ್ರಸೋದು.
ತುಂಬಿದ್ದು ಎಷ್ಟು, ಖಾಲಿ ಎಷ್ಟು, ಕಳದು ಬಿಡೋದು.'
ಕಥೆ ಅಲ್ಲಿಗೇ ಮುಗಿಯುತ್ತಿತ್ತು.
ಆಗ ಸಕ್ಕರೆ ಕಾರ್ಖಾನೆ ಇರಲಿಲ್ಲಪ್ಪ ಅಂತ
ಹೇಗೋ ಅರಸನ ಮಾನ ಉಳಿಸಿದೆ.

ಅರಸನ ಮಗ, ನಿಮಗಿಂತ ಸಣ್ಣವ, ಹೇಳಿದ:
ಆನೆಯನ್ನು ದೋಣಿಯೊಳಗೆ ನಿಲ್ಲಿಸಿ.
ಇಡೀ ತರಗತಿ ನಕ್ಕಿತು.
ನಮ್ಮ ಕಡೆ ದೋಣಿ ಅಂದರೆ
ಬಾವಿಯ ಬದಿಗೆ ದನ ನೀರು ಕುಡಿಯುವ ಕಲ್ಲುದೋಣಿ.
ಅದರೊಳಗೆ ಆನೆ, ಕಾಲು ಮಡಚಿ, ಸೊಂಡಿಲು ಹೊರಗೆ ಚಾಚಿ.
ತೇಲುವ ದೋಣಿ ಕಂಡವರು ಯಾರು?
ಬೋರಿ ಹೊಳೆ ದಾಟಲು ಚಡ್ಡಿ ಮಡಚಿದರೆ ಸಾಕು.

ಹೀಗಾಗಿ ಬಕೆಟ್ ತಂದೆವು. ಸಾಬೂನಿನ ಡಬ್ಬಿ ದೋಣಿ,
ಡಸ್ಟರ್ ಆನೆ. ನೀರು ಮುಟ್ಟಿದಲ್ಲಿ ಒಂದು ಗೀಟು.
ಡಸ್ಟರ್ ತೆಗೆದು ಹುಣಸೆಬೀಜ ಹಾಕುತ್ತ ಹೋದರು
ಗೀಟು ಮತ್ತೆ ನೀರಿಗೆ ಕೂಡುವ ತನಕ.
ನೂರಾ ನಾಲ್ಕು. ನಡುವೆ ಯಾರೋ ತಿಂದದ್ದು ಲೆಕ್ಕಕ್ಕಿಲ್ಲ.

ನಾಟಕವೂ ಆಯಿತು. ಕರಿಕಂಬಳಿಯ ಕೆಳಗೆ ಮೂವರು ಸೇರಿ ಆನೆ.
'ಕಡಿದು ತುಂಡು ತುಂಡಾಗಿ ತೂಗೋಣ'
ಅನ್ನಬೇಕಾದ ಮಂತ್ರಿ ಮಾಳಪ್ಪ ಅನ್ನಲೇ ಇಲ್ಲ.
ಒಳಗೆ ಅವನ ತಮ್ಮನಿದ್ದ.

ಮನೆಗೆಲಸ: ಏನನ್ನಾದರೂ ಹೀಗೆಯೇ ತೂಗಿ ಬನ್ನಿ.

ಚೆಂಬು ತೂಗಿದರು, ಚಪ್ಪಲಿ ತೂಗಿದರು,
ಬೆಕ್ಕು ತೂಗಲು ಹೋಗಿ ಒಬ್ಬ ಪರಚಿಸಿಕೊಂಡು ಬಂದ.
ಭಾಗ್ಯವಂತಿ ಬರೆದಿದ್ದಳು:
'ತಂಗಿ. ಹದಿನೇಳು ಉಳ್ಳಾಗಡ್ಡಿ, ಒಂದು ಬದನೆಕಾಯಿ.'

ಕಲ್ಲುದೋಣಿಯ ನೀರಿಗೆ ಪರಾತ ಬಿಟ್ಟು
ಹಳೆಯ ಸೀರೆ ಹಾಸಿ, ಕೂಸನ್ನು ಮಲಗಿಸಿ;
ಅವ್ವ ಸುತ್ತಲೂ ಕೈ ಹಿಡಿದಿದ್ದಳಂತೆ, ಮುಟ್ಟದ ಹಾಗೆ.
ಗಲ್ಲಕ್ಕೆ ಬೊಟ್ಟಿಟ್ಟ ಕಾಡಿಗೆಯಿಂದಲೇ ಪರಾತಕ್ಕೂ ಗೀಟು.
ಆಯಿ ಬೈದಳಂತೆ: 'ಕೂಸಿನ ತೂಕ ಮಾಡಬಾರದು, ದೃಷ್ಟಿ ಆಗ್ತದ.
ಮಾಡೋದೇ ಆದರ ಬೆಲ್ಲದಾಗ ತುಲಾಭಾರ ಮಾಡ್ರಿ,
ಉಳ್ಳಾಗಡ್ಡಿಯಾಗ ಯಾರು ಮಾಡ್ತಾರ?'
ರಾತ್ರಿಗೆ ಹದಿನೇಳರಲ್ಲಿ ನಾಲ್ಕು ಝುಣಕವಾದವು.

ಕೆಂಪು ಪೆನ್ನು ಹಿಡಿದು ಕೂತೆ. ಕಿಲೋದಲ್ಲಿ ಬರೆಯಬೇಕಿತ್ತು.
ದುಧನಿಯ ಸಂತೆಯಲ್ಲಿ ನಾನೇ ಆರಿಸಿ ತೂಗಿಸಿದೆ,
ಹದಿನೇಳು, ಮತ್ತೆ ಒಂದು.
ಎರಡೂವರೆ.
ಕೂಸಿಗೆ ತಿಂಗಳು ದಾಟಿತ್ತು.
ತೂಗುಬುಟ್ಟಿ ಕೆಟ್ಟು ಕೂತಿದೆ ಅಂದಳು ಅಂಗನವಾಡಿಯ ಬಾಯಿ;
ಸಂಜೆ ತಾನೇ ಅವರ ಮನೆಗೆ ನಡೆದಳು,
ಮರುದಿನ ದವಾಖಾನೆಗೆ ಅವ್ವನ ಜೊತೆ.
ನೋಟ್‌ಬುಕ್ಕಿನಲ್ಲಿ ನಾನು ಸರಿ ಅಂತಷ್ಟೇ ಹಾಕಿದ್ದೆ.

ಎಳ್ಳಮಾಸಿ ಕಳೆದ ಮೇಲೆ ಒಂದು ಮುಂಜಾನೆ
ಪ್ರಾರ್ಥನೆಯ ಸಾಲು ಬಿಟ್ಟು ಓಡಿ ಬಂದಳು.
ಈ ಸಲ ಎಷ್ಟು ಉಳ್ಳಾಗಡ್ಡಿ?
'ಇಡಲಿಲ್ರಿ. ತುಟ್ಟಿ ಆಗ್ಯಾವ.'
ಕಾಡಿಗೆ ಅಳಿಸೀತೆಂದು ಅಂದೇ
ಪರಾತದ ಮೈಗೆ ಮೊಳೆಯಿಂದ ಗೀರಿಟ್ಟಿದ್ದಳಂತೆ.
'ಹಳೀ ಗೀಟು ನೀರಾಗ ಮುಣಗ್ಯದ್ರಿ'
ಅಂದು, ಎಷ್ಟು ಅಂತ ತೋರಿಸಿದಳು
ಚಳಿಗೆ ಬಿರಿದ ಕಿರುಬೆರಳಿನ ಅರ್ಧ.